ಆಲೆಮನೆಯಲ್ಲಿ ಸ್ಟುಡಿಯೋ ದೀಪ

ಮಂಡ್ಯ ಸೀಮೆಯ ಆಲೆಮನೆಗಳಿಗೆ ಈಗೀಗ ಕಬ್ಬಿನ ಗಾಡಿಗಳ ಹಿಂದೆಯೇ ಕ್ಯಾಮರಾ ಚೀಲಗಳೂ ಬರುತ್ತಿವೆ. ಮದ್ದೂರು, ಮಳವಳ್ಳಿ ಕಡೆಯ ರಸ್ತೆಗಳಲ್ಲಿ ಹೊಗೆ ಕಂಡಲ್ಲಿ ಕಾರು ನಿಲ್ಲಿಸುವ ಹವ್ಯಾಸಿಗಳು, ಸ್ಪರ್ಧೆಗಳಿಗೆ ಚಿತ್ರ ಕಳಿಸುವವರು, ಮದುವೆಗೆ ಮುಂಚಿನ ಚಿತ್ರಗಳಿಗೆಂದು ಜೋಡಿಗಳನ್ನು ಕರೆತರುವ ಸ್ಟುಡಿಯೋದವರು ಇವರಲ್ಲಿ ಸೇರಿದ್ದಾರೆ. ಮೊದಲಾದರೆ ಇದ್ದ ಬೆಳಕಿನಲ್ಲೇ ಏನೋ ತೆಗೆದುಕೊಂಡು ಹೋಗುತ್ತಿದ್ದರು. ಈಗ ತಮ್ಮ ದೀಪವನ್ನು ತಾವೇ ಹೊತ್ತು ತರುತ್ತಾರೆ. ಸ್ಟ್ಯಾಂಡಿನ ಮೇಲೊಂದು ಫ್ಲ್ಯಾಷು, ಅದರ ಮುಂದೆ ಬಿಳಿ ಕೊಡೆ ಅಥವಾ ಬಟ್ಟೆ ಹೊದಿಸಿದ ಡಬ್ಬದಂಥ ಸಾಫ್ಟ್‌ಬಾಕ್ಸು, ಅದನ್ನು ಹಿಡಿದುಕೊಳ್ಳಲು ಒಬ್ಬ ಹುಡುಗ. ಹೀಗೆ ತೆಗೆದ ಚಿತ್ರಗಳನ್ನು ನಾವೆಲ್ಲ ಕ್ಯಾಲೆಂಡರುಗಳಲ್ಲಿ, ಪ್ರದರ್ಶನಗಳಲ್ಲಿ, ಮೊಬೈಲುಗಳಲ್ಲಿ ನೋಡಿದ್ದೇವೆ. ಹಿನ್ನೆಲೆ ಕಗ್ಗಪ್ಪು. ಮುಖದ ಒಂದು ಮಗ್ಗುಲಿಗೆ ಬಿದ್ದ ಬೆಳಕಿನಲ್ಲಿ ಸುಕ್ಕುಗಳನ್ನು ಒಂದೊಂದಾಗಿ ಎಣಿಸಬಹುದು. ಹಣೆಯ ಬೆವರು ಮುತ್ತಿನ ಹಾಗೆ ಹೊಳೆಯುತ್ತದೆ. ಕಣ್ಣು ನೇರ ನಮ್ಮತ್ತ ನೋಡುತ್ತದೆ. ಚಿತ್ರಗಳು ಚೆನ್ನಾಗಿಯೇ ಇವೆ. ಆ ಚೆಂದದ ಬಗ್ಗೆಯೇ ನನ್ನ ತಕರಾರು.

ತಕರಾರು ಹೇಳುವ ಮುಂಚೆ ಆ ಕಪ್ಪು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಬೇಕು. ಆಲೆಮನೆ ಅಷ್ಟು ಕತ್ತಲ ಜಾಗವೇನಲ್ಲ. ಹೆಂಚಿನ ಸಂದಿಯಿಂದ, ತೆರೆದ ಬದಿಗಳಿಂದ ಬೆಳಕು ಬರುತ್ತದೆ. ಕೊಪ್ಪರಿಗೆಯ ಕೆಳಗಿನ ಒಲೆಯಲ್ಲಿ ಒಣಗಿದ ಕಬ್ಬಿನ ಸಿಪ್ಪೆ ಉರಿಯುವ ಕಿತ್ತಳೆ ಬೆಳಕಿದೆ. ಕುದಿಯುವ ಹಾಲಿನ ಆವಿ ಈ ಎರಡನ್ನೂ ಹಿಡಿದು ಮನೆಯ ತುಂಬ ಹರಡುತ್ತದೆ. (ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲು ಅನ್ನುತ್ತಾರೆ.) ಈ ಬೆಳಕೆಲ್ಲ ಚಿತ್ರದಲ್ಲಿ ಉಳಿಯಬೇಕಾದರೆ ಕ್ಯಾಮರಾದ ಶಟರು ಸ್ವಲ್ಪ ಹೊತ್ತು ತೆರೆದಿರಬೇಕು. ಫ್ಲ್ಯಾಷಿನ ಬೆಳಕಾದರೋ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟರಲ್ಲಿ ಬಂದು ಮುಗಿದುಹೋಗುತ್ತದೆ. ಶಟರು ಇನ್ನೂರರ ಒಂದು ಪಾಲು ತೆರೆದರೂ ಒಂದೇ, ಹದಿನೈದರ ಒಂದು ಪಾಲು ತೆರೆದರೂ ಒಂದೇ, ಫ್ಲ್ಯಾಷಿನಿಂದ ಬರುವ ಬೆಳಕು ಅಷ್ಟೇ. ಅಂದರೆ ಲೆನ್ಸಿನ ಕಂಡಿ ಫ್ಲ್ಯಾಷಿನ ಬೆಳಕನ್ನು ಅಳೆಯುತ್ತದೆ, ಶಟರು ಆ ಜಾಗದ ಬೆಳಕನ್ನು ಅಳೆಯುತ್ತದೆ. ಶಟರನ್ನು ಚುರುಕು ಮಾಡಿದಷ್ಟೂ ಒಲೆ, ಆವಿ, ಗಾಣ, ಪಕ್ಕದಲ್ಲಿ ಅಚ್ಚಿಗೆ ಬೆಲ್ಲ ಸುರಿಯುತ್ತಿರುವ ಇನ್ನೊಬ್ಬ ಆಳು, ಎಲ್ಲವೂ ಕತ್ತಲಲ್ಲಿ ಮುಳುಗುತ್ತವೆ. ಇನ್ನೊಂದು ಲೆಕ್ಕವೂ ಇದೆ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ದೀಪ ಮುಖಕ್ಕೆ ಹತ್ತಿರವಿದ್ದರೆ ಅದರ ಬೆಳಕು ಬೆನ್ನ ಹಿಂದಿನ ಗೋಡೆಯನ್ನು ಮುಟ್ಟುವುದೇ ಇಲ್ಲ.

ಹಾಗಾಗಿ ಆ ಕಪ್ಪು ಆಲೆಮನೆಯದಲ್ಲ. ಯಾರೋ ಒಂದು ಗುಂಡಿ ತಿರುಗಿಸಿ ಅದನ್ನು ಆರಿಸಿಕೊಂಡಿದ್ದಾರೆ. ಸ್ಟುಡಿಯೋದಲ್ಲಿ ಕಪ್ಪು ಪರದೆ ಕಟ್ಟುವ ಕೆಲಸವನ್ನು ಇಲ್ಲಿ ಶಟರು ಮಾಡುತ್ತದೆ. ಮೂವತ್ತು ಮೈಲಿ ಕಾರು ಓಡಿಸಿಕೊಂಡು ಆಲೆಮನೆಗೆ ಬಂದವರು ಆಲೆಮನೆಯನ್ನೇ ಅಳಿಸಿ, ಅದರ ಮಸಿಯನ್ನು ಮಾತ್ರ ಒಬ್ಬನ ಮುಖದ ಮೇಲೆ ಉಳಿಸಿಕೊಂಡು ಹೋಗುತ್ತಾರೆ. ಅಂಥ ಚಿತ್ರ ನೋಡಿದವರಿಗೆ ಈತ ಒಲೆಗೆ ಸಿಪ್ಪೆ ತುಂಬುವವನೋ, ಹದ ನೋಡುವವನೋ ತಿಳಿಯುವುದಿಲ್ಲ. ಇವೆರಡರ ನಡುವೆ ಆಲೆಮನೆಯಲ್ಲಿ ಬಹಳ ಅಂತರವಿದೆ. ಹದ ನೋಡುವವನು ಒಂದು ಗಳಿಗೆ ತಪ್ಪಿದರೆ ಇಡೀ ಕೊಪ್ಪರಿಗೆ ಕೆಟ್ಟಿತು. ಸುಣ್ಣ ಎಷ್ಟು, ಮಡ್ಡಿ ತೆಗೆಯುವುದು ಯಾವಾಗ, ಪಾಕ ಇಳಿಸುವುದು ಯಾವಾಗ ಎಂಬುದೆಲ್ಲ ಅವನ ಕಣ್ಣಲ್ಲಿದೆ. ಆ ಕಣ್ಣನ್ನು ತೆಗೆದ ಚಿತ್ರದಲ್ಲಿ ಅದು ನೋಡುತ್ತಿದ್ದ ಪಾಕವೇ ಇಲ್ಲದಿದ್ದರೆ ಹೇಗೆ?

ಬೆಲ್ಲದ ವ್ಯಾಪಾರ ಬಲ್ಲವರಿಗೆ 'ಹೈಡ್ರೋಸ್' ಗೊತ್ತು. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಆ ಪುಡಿಯನ್ನು ಪಾಕಕ್ಕೆ ಹಾಕಿದರೆ ಬೆಲ್ಲದ ಸಹಜ ಕಂದು ಹೋಗಿ ತಿಳಿಹಳದಿ ಬರುತ್ತದೆ. ಕೊಳ್ಳುವವರು ಬಣ್ಣ ನೋಡಿ ಬೆಲೆ ಕಟ್ಟುತ್ತಾರೆಂದು ಅದನ್ನು ಹಾಕುತ್ತಾರೆ. ಬೆಲ್ಲವನ್ನು ಬೆಳ್ಳಗೆ ಮಾಡಲು ಪುಡಿ ಇರುವಂತೆ ಬೆಲ್ಲ ಮಾಡುವವನನ್ನು ಇನ್ನಷ್ಟು ಕಪ್ಪಗೆ, ಇನ್ನಷ್ಟು ಒರಟಾಗಿ ಮಾಡಲು ಕಂಪ್ಯೂಟರಿನಲ್ಲಿ ಒಂದು ಪಟ್ಟಿಯಿದೆ. ಅದನ್ನು ಬಲಕ್ಕೆ ಎಳೆದರೆ ಚರ್ಮ ಮರದ ತೊಗಟೆಯಾಗುತ್ತದೆ. ಎರಡೂ ಕಡೆ ಕೊಳ್ಳುವವರ ಕಣ್ಣಿಗಾಗಿಯೇ ಇದೆಲ್ಲ.

ದುಡಿಯುವ ಜಾಗಕ್ಕೆ ದೀಪ ಹೊತ್ತೊಯ್ದವರ ಚರಿತ್ರೆ ಹಳೆಯದು. ಪ್ಯಾರಿಸಿನ ನಾಡಾರ್ 1860ರ ದಶಕದ ಮೊದಲಲ್ಲಿ ಆ ನಗರದ ನೆಲದಡಿಯ ಎಲುಬು ಗವಿಗಳಿಗೂ ಚರಂಡಿಗಳಿಗೂ ಬ್ಯಾಟರಿಯಿಂದ ಉರಿಯುವ ವಿದ್ಯುತ್ ದೀಪಗಳನ್ನು ಇಳಿಸಿ ಚಿತ್ರ ತೆಗೆದ. ಅಂದಿನ ಗಾಜಿನ ಫಲಕಗಳಿಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ಅಷ್ಟು ಹೊತ್ತು ಯಾವ ಆಳೂ ಅಲುಗಾಡದೆ ನಿಲ್ಲಲಾರ. ಅದಕ್ಕೆ ನಾಡಾರ್ ಬೊಂಬೆಗಳಿಗೆ ಕೂಲಿಯವರ ಬಟ್ಟೆ ತೊಡಿಸಿ ಎಲುಬಿನ ರಾಶಿಯ ಪಕ್ಕದಲ್ಲಿ ನಿಲ್ಲಿಸಿದ. ಕೃತಕ ಬೆಳಕಿನಲ್ಲಿ ತೆಗೆದ ದುಡಿಮೆಯ ಮೊದಮೊದಲ ಚಿತ್ರಗಳಲ್ಲಿ ದುಡಿಯುವವನೇ ಇಲ್ಲ. ಆತನಿಗೆ ಫಲಕದ ನಿಧಾನವೆಂಬ ನೆಪವಾದರೂ ಇತ್ತು. ಇಂದು ಆಲೆಮನೆಯ ಆಳನ್ನು ಪಕ್ಕಕ್ಕೆ ಸರಿಸಿ, ರೂಪದರ್ಶಿಯ ಕೆನ್ನೆಗೆ ಮಸಿ ಬಳಿದು, ಕೈಗೆ ಆ ಆಳಿನ ಸಲಿಕೆಯನ್ನೇ ಕೊಟ್ಟು ತೆಗೆಯುವ ಜಾಹೀರಾತಿನವರಿಗೆ ಆ ನೆಪವೂ ಇಲ್ಲ. ಮದುವೆಯ ಜೋಡಿಗಳ ವಿಷಯ ಬೇರೆ. ಅವರು ತಮ್ಮ ಚಿತ್ರ ತಾವು ತೆಗೆಸಿಕೊಳ್ಳುತ್ತಾರೆ, ಆಲೆಮನೆಯವನಿಗೆ ಒಂದಿಷ್ಟು ಬಾಡಿಗೆ ಕೊಟ್ಟು ಬೆಲ್ಲ ತಿಂದು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ದೀಪವೇ ಬೇಡ, ಇದ್ದ ಬೆಳಕಿನಲ್ಲಿ ತೆಗೆಯುವುದೇ ಪ್ರಾಮಾಣಿಕ ಎಂದು ಕೆಲವರು ತೀರ್ಪು ಕೊಟ್ಟುಬಿಡುತ್ತಾರೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರನ್ನು ಅದಕ್ಕೆ ಸಾಕ್ಷಿ ಕರೆಯುತ್ತಾರೆ. ಸತ್ಯನ್ನರ ಒಳ್ಳೆಯ ಚಿತ್ರಗಳು ಇದ್ದ ಬೆಳಕಿನಲ್ಲೇ ಉಸಿರಾಡುತ್ತವೆ ಎಂಬುದು ನಿಜ. ಅವರ ಚಿತ್ರಗಳ ಮಕ್ಕಳು, ಹೆಂಗಸರು, ಕೂಲಿಯವರು ಕ್ಯಾಮರಾ ಬಂದಿದೆ ಎಂದು ತಮ್ಮ ಪಾಡು ಬಿಟ್ಟಿಲ್ಲ. ಆದರೆ ಸತ್ಯನ್ನರ ಹೆಸರು ಹೇಳಿಕೊಂಡು ದೀಪ ಬೇಡವೆನ್ನುವವರು ಒಂದು ಮಾತು ಮರೆಯುತ್ತಾರೆ. ಕಾರ್ಖಾನೆಯ ಕಿಟಕಿಯ ಎದುರು ನಿಂತ ಕಪ್ಪು ಮೈಯ ಆಳನ್ನು ಕ್ಯಾಮರಾ ತನ್ನ ಪಾಡಿಗೆ ಅಳೆದರೆ ಅದು ಕಿಟಕಿಯ ಬೆಳಕನ್ನು ಉಳಿಸುತ್ತದೆ, ಮುಖವನ್ನು ಕಳೆಯುತ್ತದೆ. ನಮ್ಮ ಕಾರ್ಖಾನೆಗಳ ಎಷ್ಟೋ ಚಿತ್ರಗಳಲ್ಲಿ ಕಾರ್ಮಿಕರೆಂದರೆ ಯಂತ್ರದ ಮುಂದಿನ ಕರೀ ನೆರಳುಗಳು. ನೆರಳಿಗೆ ಹೆಸರಿಲ್ಲ. ಇದ್ದ ಬೆಳಕು ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಮ್ಯಾನೇಜರ ಕೋಣೆಗೆ ಕಿಟಕಿ ದೊಡ್ಡದು, ಬಾಯ್ಲರ್ ಮನೆಗೆ ಚಿಕ್ಕದು.

ದುಡಿಯುವವನು ತನ್ನ ತಸ್ವೀರು ಹೇಗಿರಬೇಕೆಂದು ಬಯಸುತ್ತಾನೆ? ಅದನ್ನು ಯಾರೂ ಕೇಳುವುದಿಲ್ಲ. ಕೇಳದೆಯೂ ಗೊತ್ತಾಗಬೇಕಾದ ಸಂಗತಿ ಅದು. ಮಂಡ್ಯದ ಪೇಟೆಯಲ್ಲಾಗಲಿ ಮಳವಳ್ಳಿಯ ಬಸ್ ನಿಲ್ದಾಣದ ಹತ್ತಿರವಾಗಲಿ ಹಳೆಯ ಸ್ಟುಡಿಯೋಗಳ ಒಳಗೆ ಹೋದವರಿಗೆ ನೆನಪಿರುತ್ತದೆ. ಬಾಗಿಲ ಬಳಿ ಕನ್ನಡಿ, ದಾರ ಕಟ್ಟಿದ ಬಾಚಣಿಗೆ, ಪೌಡರಿನ ಡಬ್ಬಿ, ಯಾರ ಅಳತೆಗೂ ಸರಿಯಾಗದ ಒಂದು ಕೋಟು. ಎಡಬಲಕ್ಕೆರಡು ದೀಪ, ನೆರಳು ತೆಗೆಯಲು ಥರ್ಮೋಕೋಲಿನ ಹಲಗೆ. ನಮ್ಮ ಮನೆಗಳಲ್ಲಿ ತಸ್ವೀರು ಜಾಯಿಜೋ ಅಲ್ಲವೋ ಎಂಬ ಚರ್ಚೆ ಹಿರಿಯರ ನಡುವೆ ನಡೆಯುತ್ತಲೇ ಇತ್ತು. ಕೊಲ್ಲಿಗೆ ಹೊರಟವರ ಪಾಸ್‌ಪೋರ್ಟು, ಹಜ್ಜಿನ ಅರ್ಜಿ ಬಂದ ಮೇಲೆ ಅದು ತಣ್ಣಗಾಯಿತು, ಚರ್ಚಿಸುತ್ತಿದ್ದವರೇ ಟೋಪಿ ಸರಿಮಾಡಿಕೊಂಡು ಆ ಸ್ಟೂಲಿನ ಮೇಲೆ ಕೂತರು. ಆ ಸ್ಟುಡಿಯೋದ ಬೆಳಕು ದುಡಿಮೆಯ ಗುರುತನ್ನು ಮುಖದಿಂದ ಒರೆಸುತ್ತಿತ್ತು. ಲೇತ್ ಯಂತ್ರದವನೂ ಮೇಷ್ಟರೂ ಅಲ್ಲಿ ಒಂದೇ ತರಹ ಕಾಣುತ್ತಿದ್ದರು. ಕಲಾವಿಮರ್ಶಕರು ಅದನ್ನು ಸಪ್ಪೆ ಬೆಳಕು ಅನ್ನಬಹುದು. ಅಲ್ಲಿಗೆ ಕಾಸು ಕೊಟ್ಟು ಹೋಗುತ್ತಿದ್ದವರು ಆ ಸಮಾನತೆಗೇ ಕಾಸು ಕೊಡುತ್ತಿದ್ದರು.

ಮಳವಳ್ಳಿ ಕಡೆಯ ಒಂದು ಆಲೆಮನೆಯಲ್ಲಿ ನಾನೇ ಕಿವಿಯಾರೆ ಕೇಳಿದ ಮಾತಿದೆ. ದೀಪ ಜೋಡಿಸುತ್ತಿದ್ದವರನ್ನು ನೋಡಿ ಅಲ್ಲಿನ ಹಿರಿಯ ಆಳು, "ತಡಿಯಣ್ಣೋ, ಮಕ ತೊಳ್ಕಂಡ್ ಬತ್ತೀನಿ" ಅಂದ. ಛಾಯಾಗ್ರಾಹಕ ಗಾಬರಿಯಿಂದ "ಬೇಡ ಬೇಡ, ಹಿಂಗೇ ಚೆನ್ನಾಗಿದೆ" ಅಂದರು. ಆತ ಸುಮ್ಮನೆ ನಿಂತ. ಆ ಚಿತ್ರ ಹೇಗೆ ಬಂತೋ ನಾನು ನೋಡಿಲ್ಲ. ಚೆನ್ನಾಗಿಯೇ ಬಂದಿರಬೇಕು. ನಮ್ಮ ಜಿಲ್ಲೆಯ ಆಲೆಮನೆಗಳಲ್ಲಿ ಉತ್ತರಪ್ರದೇಶದಿಂದ ಬಂದವರು ಬಹಳ ಮಂದಿ ದುಡಿಯುತ್ತಾರೆ. ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆ ಅಂಥ ಒಬ್ಬ ಹುಡುಗ, ನನ್ನ ಉರ್ದು ಕೇಳಿ ಹತ್ತಿರ ಬಂದವನು, ತನ್ನ ಮೊಬೈಲಿಗೆ ಯಾರೋ ಕಳಿಸಿದ್ದ ಇಂಥದೇ ಚಿತ್ರ ತೋರಿಸಿ ಹೇಳಿದ: "ಚಾಚಾ, ಅಮ್ಮೀ ಕೋ ಯೇ ವಾಲಾ ಕೈಸೇ ಭೇಜೂಂ? ರೋ ಪಡೇಗೀ." ಇದನ್ನು ಅಮ್ಮನಿಗೆ ಹೇಗೆ ಕಳಿಸಲಿ, ಅತ್ತುಬಿಡುತ್ತಾಳೆ ಎಂದು. ಚಿತ್ರದಲ್ಲಿ ಅವನ ಕಣ್ಣಿನ ಬಿಳಿ ಮತ್ತು ಬೆವರು ಬಿಟ್ಟು ಬೇರೇನೂ ಇರಲಿಲ್ಲ. ಪರಿಣಿತರ ಕೈಯ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾರ ಮುಖವೋ ಅವನ ಮನೆಗೇ ಕಳಿಸಲಾಗದ ಭಾವಚಿತ್ರವನ್ನು ಭಾವಚಿತ್ರವೆಂದು ನಾನು ಹೇಗೆ ಒಪ್ಪಲಿ?

ಮುಖ ತೊಳೆಸಿಯೇ ತೆಗೆಯಬೇಕು ಎಂಬುದು ನನ್ನ ವಾದವಲ್ಲ. ತೊಳೆಯಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವನು ಆ ಮುಖದವನು. ದೀಪ ಎಲ್ಲಿಡಬೇಕೆಂಬ ಅಧಿಕಾರ ಪೂರ್ತಿ ಛಾಯಾಗ್ರಾಹಕನ ಕೈಯಲ್ಲಿರುವಾಗ ಇಷ್ಟಾದರೂ ಎದುರಿಗಿರುವವನ ಪಾಲಿಗೆ ಉಳಿಯಲಿ.

ಆ ಅಧಿಕಾರ ಎಷ್ಟು ದೊಡ್ಡದೆಂದು ತೋರಿಸಿಕೊಟ್ಟವನು ಅಮೆರಿಕದ ಆರ್ನಾಲ್ಡ್ ನ್ಯೂಮನ್. 1963ರಲ್ಲಿ ಜರ್ಮನಿಯ ಎಸೆನ್ ನಗರದಲ್ಲಿ ಉದ್ಯಮಪತಿ ಆಲ್ಫ್ರೀಡ್ ಕ್ರುಪ್ಪನ ಚಿತ್ರ ತೆಗೆಯುವ ಕೆಲಸ ಅವನಿಗೆ ಬಂತು. ಯುದ್ಧಕಾಲದಲ್ಲಿ ಸೆರೆಯಾಳುಗಳನ್ನು ಗುಲಾಮರಂತೆ ದುಡಿಸಿದ್ದಕ್ಕೆ 1948ರಲ್ಲಿ ನ್ಯೂರೆಂಬರ್ಗಿನಲ್ಲಿ ಶಿಕ್ಷೆಗೊಳಗಾಗಿ 1951ರಲ್ಲಿ ಬಿಡುಗಡೆಯಾಗಿದ್ದವನು ಕ್ರುಪ್. ನ್ಯೂಮನ್ ಯಹೂದಿ. ಕಾರ್ಖಾನೆಯನ್ನು ಬೆನ್ನಿಗಿಟ್ಟು ಕ್ರುಪ್ಪನನ್ನು ಎತ್ತರದಲ್ಲಿ ಕೂರಿಸಿ, ಎರಡು ಮಗ್ಗುಲಿಗೂ ಒಂದೊಂದು ದೀಪ ಇಟ್ಟು, ಸ್ವಲ್ಪ ಮುಂದಕ್ಕೆ ಬಾಗಿ ಎಂದ. ಬಾಗಿದೊಡನೆ ಮುಖದ ನಡುಭಾಗ ನೆರಳಿಗೆ ಹೋಗಿ ಕ್ರುಪ್ ಸೈತಾನನಂತೆ ಕಂಡ. ಇಲ್ಲಿ ಗಮನಿಸಬೇಕಾದ್ದು, ನ್ಯೂಮನ್ ಕಾರ್ಖಾನೆಯನ್ನು ಕತ್ತಲಿಗೆ ತಳ್ಳಲಿಲ್ಲ. ಅದು ಹಿಂದೆ ಉದ್ದಕ್ಕೂ ಕಾಣುತ್ತದೆ. ಆ ಮನುಷ್ಯನ ಲೆಕ್ಕ ಆ ಜಾಗದಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು.

ಮಗ್ಗುಲಿನ ಗಡಸು ಬೆಳಕು ಕ್ರುಪ್ಪನಿಗೆ ತಕ್ಕದ್ದು. ಅದೇ ಬೆಳಕನ್ನು ನಮ್ಮವರು ದಿನಗೂಲಿಯವನ ಮೇಲೆ ಬಿಡುತ್ತಾರಲ್ಲ, ಅವನೇನು ತಪ್ಪು ಮಾಡಿದ್ದ?

ಇದಕ್ಕೆ ತದ್ವಿರುದ್ಧದ ಕೆಲಸ ಕೆನಡಾದ ಯೂಸುಫ್ ಕಾರ್ಷನದು. ಮಾರ್ದಿನಿನಲ್ಲಿ ಹುಟ್ಟಿದ ಅರ್ಮೇನಿಯನ್ ಕ್ರೈಸ್ತ, ಕೊಲೆಗಳಿಂದ ತಪ್ಪಿಸಿಕೊಂಡು ಎಳವೆಯಲ್ಲೇ ಕೆನಡಾ ಸೇರಿದವನು. 1941ರಲ್ಲಿ ಚರ್ಚಿಲ್‌ನ ಚಿತ್ರ ತೆಗೆದು ಹೆಸರಾದ. ಪ್ರಧಾನಿಗಳಿಗೂ ಸಂಗೀತಗಾರರಿಗೂ ಇಡುತ್ತಿದ್ದ ದೀಪಗಳನ್ನು 1951ರಲ್ಲಿ ಅವನು ವಿಂಡ್ಸರಿನ ಫೋರ್ಡ್ ಕಾರು ಕಾರ್ಖಾನೆಗೆ ಒಯ್ದು ಅಲ್ಲಿನ ಕಾರ್ಮಿಕರಿಗೆ ಇಟ್ಟ. ಕಂಪನಿಯೇ ಹಣ ಕೊಟ್ಟು ಮಾಡಿಸಿದ ಕೆಲಸ, ಆದ್ದರಿಂದ ಅಲ್ಲಿ ದಣಿವು ಕಾಣುವುದಿಲ್ಲ, ಸಂಬಳದ ಜಗಳ ಕಾಣುವುದಿಲ್ಲ, ಎಲ್ಲರೂ ಸಿನಿಮಾ ನಾಯಕರು. ಆ ದೂರನ್ನು ನಾನೂ ಒಪ್ಪುತ್ತೇನೆ. ಆದರೂ ದೊಡ್ಡವರಿಗೆ ಕೊಟ್ಟಷ್ಟೇ ಹೊತ್ತು, ಅಷ್ಟೇ ಬೆಳಕು, ಅಷ್ಟೇ ಮರ್ಯಾದೆಯನ್ನು ಕಾರು ಜೋಡಿಸುವವನಿಗೂ ಕೊಟ್ಟನಲ್ಲ, ಅದು ಸಣ್ಣ ಮಾತಲ್ಲ. ಅಮೆರಿಕದ ಅರ್ವಿಂಗ್ ಪೆನ್ 1950–51ರಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕುಗಳಲ್ಲಿ ಕಸುಬಿನವರನ್ನೇ ಅವರ ಸಲಕರಣೆಗಳ ಸಮೇತ ಸ್ಟುಡಿಯೋಗೆ ಕರೆಸಿ ಹಗಲು ಬೆಳಕಿನಲ್ಲಿ ತೆಗೆದ. ಅಲ್ಲಿ ಜಾಗವೇ ಇಲ್ಲ, ನಿಜ. ಆದರೆ ಜಾಗವಿಲ್ಲವೆಂದು ಚಿತ್ರ ಬಚ್ಚಿಡುವುದಿಲ್ಲ, ಹಿಂದೆ ಬರೀ ಪರದೆಯಿದೆ ಎಂದು ಕಾಣುತ್ತದೆ. ಆಲೆಮನೆಯ ಹೆಸರಿಟ್ಟು ಆಲೆಮನೆಯನ್ನು ಅಳಿಸುವುದಕ್ಕಿಂತ ಅದು ನೇರವಾದ ದಾರಿ.

ಕತೆ ಬರೆಯುವವರಿಗೂ ಈ ಪ್ರಶ್ನೆ ಹೊಸದಲ್ಲ. ಬಡವನನ್ನು ತಂದು ವರ್ಣನೆಯ ದೀಪದಡಿ ನಿಲ್ಲಿಸಿ ಅವನ ಹರಿದ ಅಂಗಿಯನ್ನೇ ಮೂರು ಪುಟ ಬೆಳಗುವ ಕತೆಗಳು ಕನ್ನಡದಲ್ಲೂ ಉರ್ದುವಿನಲ್ಲೂ ಬೇಕಾದಷ್ಟಿವೆ. ಮದ್ದೂರು ತಾಲ್ಲೂಕಿನವರೇ ಆದ ವೈದ್ಯ, ಕತೆಗಾರ ಬೆಸಗರಹಳ್ಳಿ ರಾಮಣ್ಣನವರ ಕತೆಗಳಲ್ಲಿ ಬಡತನಕ್ಕಿಂತ ಮೊದಲು ಬಡವರ ಮಾತು ಕೇಳಿಸುತ್ತದೆ. ಮಾತಾಡುವವನನ್ನು ನೆರಳು ಮಾಡುವುದು ಕಷ್ಟ.

ನಮ್ಮ ಸಮುದಾಯಕ್ಕೆ ಈ ವಿಷಯ ಇನ್ನೊಂದು ಬಗೆಯಲ್ಲಿ ಹತ್ತಿರದ್ದು. ಮುಸ್ಲಿಮರ ಬಗ್ಗೆ ಏನೇ ವರದಿ ಬರಲಿ, ಅದರ ಪಕ್ಕದಲ್ಲಿ ಹಾಕುವ ಚಿತ್ರ ಹೆಚ್ಚಾಗಿ ಬೆನ್ನಿನದು. ಸಾಲಾಗಿ ಬಾಗಿದ ಬೆನ್ನುಗಳು, ಟೋಪಿಗಳ ಹಿಂಭಾಗ, ಮಿನಾರಿನ ಎದುರಿನ ಕಪ್ಪು ಆಕೃತಿ, ಬುರ್ಖಾದ ನೆರಳು. ಮುಖ ಕಾಣುವುದು ಅಪರೂಪ, ಕಂಡರೂ ಕೆಟ್ಟ ದಿನಗಳಲ್ಲಿ. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಪತ್ರಿಕೆಗಳ ತುಂಬ ಸುಟ್ಟ ತಗಡು, ಕರಕಲು ವಾಹನಗಳ ಚಿತ್ರಗಳು ಬಂದವು. ಸುದ್ದಿಗೆ ಅದು ಬೇಕು, ಸರಿ. ಆದರೆ ಅಂಥ ಅಂಗಡಿ, ಗ್ಯಾರೇಜುಗಳಲ್ಲಿ ವರ್ಷವಿಡೀ ಎರಡೂ ಕಡೆಯವರ ಗಾಡಿ ರಿಪೇರಿ ಮಾಡುತ್ತಾ ಕೂತವರ ಮುಖಗಳನ್ನು ಸುಡುವ ಮುಂಚೆ ಯಾರಾದರೂ ತೆಗೆದಿಟ್ಟಿದ್ದರೆ?

ದೀಪ ಹೊತ್ತು ಹೋಗಬೇಕಾದ ಜಾಗಗಳು ಇವೇ ಎಂದು ನನಗನ್ನಿಸುತ್ತದೆ. ಮಂಡ್ಯದ ಗ್ಯಾರೇಜು, ವೆಲ್ಡಿಂಗ್ ಶೆಡ್ಡುಗಳ ಒಳಗೆ ಹಗಲಲ್ಲೂ ಕತ್ತಲು. ಬಾಗಿಲಿಗೆ ಬೆನ್ನು ಮಾಡಿ ನಿಂತವನ ಮುಖ ಮೊಬೈಲಿನಲ್ಲಿ ಬರುವುದೇ ಇಲ್ಲ. ವೆಲ್ಡಿಂಗಿನ ಕಿಡಿಯಂತೂ ಎಲ್ಲರಿಗೂ ಇಷ್ಟ. ಮುಖವಾಡ ಹಿಡಿದ ಆಳು, ಸುತ್ತ ಕಿಡಿಮಳೆ, ಆ ಚಿತ್ರಕ್ಕೆ ಬಹುಮಾನ ಖಾತ್ರಿ. ಮುಖವಾಡ ಇಳಿಸಿ ಚಹಾ ಕುಡಿಯುವ ಹೊತ್ತಿಗೆ ಛಾಯಾಗ್ರಾಹಕ ಹೊರಟುಹೋಗಿರುತ್ತಾನೆ. ಅಲ್ಲಿ ನಿಲ್ಲಬೇಕು. ದೊಡ್ಡ ಬಿಳಿ ಕೊಡೆಯೊಂದನ್ನು ಮುಖದ ಮುಂದೆ ತುಸು ಮೇಲಕ್ಕೆ ಇಟ್ಟರೆ ಬೆಳಕು ಮೆತ್ತಗಾಗುತ್ತದೆ, ಕಣ್ಣುಗುಳಿಯ ನೆರಳು ಕರಗುತ್ತದೆ. ಶಟರನ್ನು ನಿಧಾನ ಮಾಡಿದರೆ ಹಿಂದಿನ ಗೋಡೆ, ತೂಗುಹಾಕಿದ ಸ್ಪ್ಯಾನರುಗಳು, ಕ್ಯಾಲೆಂಡರು, ಉರ್ದುವಿನಲ್ಲಿ ಬರೆದ ದುವಾ, ಪಕ್ಕದ ಅಂಗಡಿಯವರು ಕೊಟ್ಟ ಬೇರೊಂದು ದೇವರ ಪಟ ಎಲ್ಲವೂ ಉಳಿಯುತ್ತವೆ. ಆಲೆಮನೆಯಲ್ಲಾದರೆ ಫ್ಲ್ಯಾಷಿನ ಮುಂದೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಮುಖದ ಬೆಳಕು ಒಲೆಯ ಬೆಂಕಿಗೆ ಹೊಂದುತ್ತದೆ, ಆ ಬೆಳಕು ಆ ಮನೆಯದೇ ಅನ್ನಿಸುತ್ತದೆ. ಖರ್ಚು ಹೆಚ್ಚಿಲ್ಲ. ತಾಳ್ಮೆ ಬೇಕು ಅಷ್ಟೆ. ಆವಿಗೆ ಲೆನ್ಸು ಮಂಕಾಗುತ್ತದೆ, ಪ್ರತಿ ಸಲ ಒರೆಸಬೇಕು.

ಹೆಂಗಸರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೀಡಿ ಕಟ್ಟುವ, ರೇಷ್ಮೆ ನೂಲು ತೆಗೆಯುವ ನಮ್ಮ ಹೆಣ್ಣುಮಕ್ಕಳಲ್ಲಿ ಕೈ ತೆಗೆಯಲು ಒಪ್ಪಿ ಮುಖ ಬೇಡವೆನ್ನುವವರಿದ್ದಾರೆ. ಅಲ್ಲಿಗೆ ಮಾತು ಮುಗಿಯಿತು. ಆ ಕೈಗಳಿಗೂ ಅಷ್ಟೇ ಹದವಾದ ಬೆಳಕು ಇಡಬಹುದು.

ಬೆಳಕಿನ ಲೆಕ್ಕದಲ್ಲಿ ಈ ಜಿಲ್ಲೆಗೆ ಬರಬೇಕಾದ ಬಾಕಿ ದೊಡ್ಡದಿದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆ ಕಾಲದ ಗುಂಪುಚಿತ್ರಗಳ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಸಾಹೇಬರು ನಡುವೆ ಕುರ್ಚಿಯಲ್ಲಿ, ಗುಮಾಸ್ತರು ಅಕ್ಕಪಕ್ಕ, ಕೂಲಿಯವರು ಹಿಂದಿನ ಸಾಲಿನಲ್ಲಿ ಮಸುಕುಮಸುಕು.

ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ, ಊರವರ ಬಾಯಲ್ಲಿ ಮೈಷುಗರ್, ಶುರುವಾದದ್ದು 1933ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದಕ್ಕೆ ದುಡಿದವರು. ಇವರಿಬ್ಬರ ಭಾವಚಿತ್ರಗಳೂ ನಮಗೆ ಪರಿಚಿತ, ಒಳ್ಳೆಯ ಬೆಳಕಿನಲ್ಲಿ ತೆಗೆದವು. ಹಲವು ವರ್ಷ ನಿಂತು ಹೋಗಿದ್ದ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯಿತು. 2033ಕ್ಕೆ ಅದಕ್ಕೆ ನೂರು ತುಂಬುತ್ತದೆ. ಆಗ ಸ್ಮರಣ ಸಂಚಿಕೆ ಬರುತ್ತದೆ, ಅಧ್ಯಕ್ಷರುಗಳ ಪಟಗಳು ಸಾಲಾಗಿ ಅಚ್ಚಾಗುತ್ತವೆ. ಸಕ್ಕರೆ ಹರಳು ಕಟ್ಟುವ ಹೊತ್ತು ಗಾಜಿನ ಮೇಲೆ ಪಾಕ ಸವರಿ ನೋಡುತ್ತಿದ್ದ ಪ್ಯಾನ್‌ಮನ್ನುಗಳು, ಬಾಯ್ಲರಿನ ಮುಂದೆ ಕಿವಿ ಕಳಕೊಂಡ ಫಿಟ್ಟರುಗಳು, ಗಾಡಿ ತೂಗುತ್ತಿದ್ದವರು ನಿವೃತ್ತರಾಗಿ ಮಂಡ್ಯದ ಬಡಾವಣೆಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಇಷ್ಟವಾದ ಅಂಗಿ ತೊಡಿಸಿ, ಬೇಕಾದರೆ ಮುಖ ತೊಳೆಯಲು ಬಿಟ್ಟು, ಅವರು ದುಡಿದ ಯಂತ್ರದ ಎದುರು ಕೂರಿಸಿ ಎರಡು ದೀಪ ಇಡಲು ಇನ್ನೂ ಕೆಲವು ಅರೆಯುವ ಹಂಗಾಮುಗಳು ಉಳಿದಿವೆ. ತೆಗೆದ ಮೇಲೆ ಒಂದೊಂದು ಪ್ರತಿಯನ್ನು ಚೌಕಟ್ಟು ಹಾಕಿಸಿ ಅವರವರ ಮನೆಗೆ ತಲುಪಿಸಬೇಕು.